ನೀಲಕ್ಕನ ಅಂಗಳದ ಸುಡುಗಾಡು ಹೂವು

ಈವತ್ತು ಬೆಳಗ್ಗೆ ನನ್ನ ಮೊಮ್ಮಗಳು ಹಂಸ ಎಲ್ಲಿಂದಲೋ ಓಡಿಬಂದು ಅಂಗೈಯನ್ನು ನನ್ನ ಮೂಗಿಗೇ ಹಿಡಿದಳು. "ಅಜ್ಜಿ, ಮೂಸು!" ಮೂಸಿದೆ. ಹಸಿ ಎಲೆ ಹೊಸಕಿದ ಕಹಿ ವಾಸನೆ, ಮೂಗು ದಾಟಿ ನಾಲಗೆಯ ಬುಡದಲ್ಲಿ ಹೋಗಿ ಕೂತುಕೊಳ್ಳುವಂಥದ್ದು. ಅವಳ ಇನ್ನೊಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಅದರಲ್ಲಿ ಒಂದು ಹಿಡಿ ಮಣ್ಣು, ಮಣ್ಣಿನಲ್ಲಿ ಗೇಣುದ್ದದ ಗಿಡ, ಗಿಡದ ನೆತ್ತಿಯ ಮೇಲೆ ಗುಲಾಬಿ ಬಣ್ಣದ ಒಂದೇ ಒಂದು ಹೂವು.

"ನೀಲಜ್ಜಿ ಕೊಟ್ರು. ನಮ್ಮನೆ ಮುಂದೆ ನೆಡ್ಬೇಕಂತೆ. ಎಲ್ಲಿ ನೆಡ್ಲಿ ಹೇಳು?"

ಅಡುಗೆಮನೆಯಿಂದ ನನ್ನ ಸೊಸೆ ಸವಿತ ಬಗ್ಗಿ ನೋಡಿ ಕಿರುಚಿಯೇಬಿಟ್ಟಳು. "ಅಯ್ಯೋ, ಸುಡುಗಾಡು ಹೂವ ಕಣೇ ಅದು! ಬಾಗಿಲ ಮುಂದೆ ತರ್ತಾರಾ ಯಾರಾದ್ರೂ? ಆಚೆ ಬಿಸಾಕು. ಆ ಮಣ್ಣಿನ ಜಾಗಕ್ಕೆ ನಾಳೆ ಟೈಲ್ಸ್ ಹಾಕೋರು ಬರ್ತಾವ್ರೆ, ಅಲ್ಲಿ ಗಿಡ ಗಿಡ ಅಂತ ಕೂರ್ಬೇಡ."

ನಮ್ಮ ಮನೆ ಮುಂದೆ ಗೇಟಿನ ಪಕ್ಕ ಒಂದು ಹಾಸಿಗೆಯಷ್ಟು ಬರೀ ಮಣ್ಣು ಉಳಿದಿದೆ. ಮನೆಯ ಸುತ್ತ ಮಿಕ್ಕಿದ್ದಕ್ಕೆಲ್ಲ ಸಿಮೆಂಟ್ ಬಿದ್ದಾಗಿದೆ. ಅದಕ್ಕೂ ಟೈಲ್ಸ್ ಹಾಸಿ ಸ್ಕೂಟರ್ ನಿಲ್ಲಿಸಬೇಕು ಅಂತ ಮಗ ರವಿಗೂ ಸೊಸೆಗೂ ಆಸೆ. ನಾನೂ ಆಗಲಿ ಅಂದಿದ್ದೆ. ಆದರೆ ಆ ವಾಸನೆ ಮೂಗಿಗೆ ಬಿದ್ದ ಮೇಲೆ ಹಾಗನ್ನಲು ಮನಸ್ಸು ಬರಲಿಲ್ಲ. ಸವಿತಾಗೆ ಒಂದು ಸಂಗತಿ ಗೊತ್ತಿರಲಿಲ್ಲ. ಅವಳ ಮಗಳು ಮೂರು ತಿಂಗಳ ಕೂಸಾಗಿದ್ದಾಗ ನಾನು ಅವಳನ್ನು ಎತ್ತಿಕೊಂಡು ಹೋಗಿ ಇದೇ ಹೂವಿನ ಮೇಲೆ ಮಲಗಿಸಿದ್ದೆ.

ಗಾಬರಿಯಾಯಿತಾ? ಕೂತ್ಕೊಳ್ಳಿ, ಹೇಳ್ತೀನಿ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತದ್ದು, ಮೊದಲು ಹೇಳಬೇಕಾದ್ದು ಆಮೇಲೆ ಬಂದರೆ ಸ್ವಲ್ಪ ಹೊಂದಿಸಿಕೊಳ್ಳಿ.

ಮೊದಲು ಹೂವಿನ ಸಂಗತಿ. ತಿಳಿದವರು ಇದನ್ನು ನಿತ್ಯಪುಷ್ಪ ಅಂತಾರೆ, ಕಾಶಿಕಣಗಿಲೆ ಅಂತಲೂ ಅಂತಾರೆ. ನರ್ಸರಿಯಲ್ಲಿ ಚೆಂದದ ಕುಂಡದಲ್ಲಿಟ್ಟು ಮಾರ್ತಾರೆ. ಯಲಹಂಕದ ಪಕ್ಕದ ನಮ್ಮೂರು ಸಿಂಗಾಪುರದ ಕಡೆ ಹಳಬರಿಗೆ ಮಾತ್ರ ಅದು ಸುಡುಗಾಡು ಹೂವು. ಯಾಕೆಂದರೆ ಹೊಲದ ಮೂಲೆಯಲ್ಲಿ ಹಿರಿಯರನ್ನು ಮಣ್ಣು ಮಾಡಿದ ಮೇಲೆ ಅಲ್ಲಿಗೆ ದಿನಾ ಹೋಗಿ ನೀರು ಹಾಕುವವರು ಯಾರು? ಈ ಗಿಡ ನೀರು ಕೇಳುವುದಿಲ್ಲ. ಕಹಿಗೆ ಆಡು ಕುರಿ ಬಾಯಿ ಹಾಕುವುದಿಲ್ಲ. ಒಂದು ನೆಟ್ಟರೆ ತಾನೇ ಬೀಜ ಸಿಡಿಸಿ ಹಬ್ಬಿ, ಮಣ್ಣು ಕೊಚ್ಚಿಹೋಗದ ಹಾಗೆ ಹಿಡಿದುಕೊಳ್ಳುತ್ತದೆ. ವರ್ಷವಿಡೀ ಹೂವು ಬೇರೆ. ಹಂಗಾಗಿ ಗುಂಡಿಗಳ ಮೇಲೆಲ್ಲ ಇದನ್ನೇ ನೆಡುತ್ತಿದ್ದರು. ದೇವರಿಗಿಲ್ಲ, ಮುಡಿಗಿಲ್ಲ, ಮನೆ ಹತ್ತಿರಕ್ಕಂತೂ ಸೇರಿಸುವ ಮಾತೇ ಇಲ್ಲ.

ನಮ್ಮತ್ತೆಯ ಗುಂಡಿಯ ಮೇಲೂ ಇದೇ ಹೂವು. ನೆಟ್ಟವಳು ನಾನೇ.

ನಮ್ಮತ್ತೆ ಅಂದರೆ ಎಂಥ ಹೆಂಗಸು ಅಂತೀರಿ! ನಾನು ಮದುವೆಯಾಗಿ ಬಂದ ದಿನ ಹೊಸಿಲ ಮೇಲೆ ನಿಂತಿದ್ದಾಗಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗನಿಗೆ, "ಇದೇನ್ಲಾ, ಎಣ್ಣು ತತ್ತಾ ಅಂದ್ರೆ ಕಡ್ಡಿ ತಂದಿದ್ದೀಯ, ಒಲೆಗೂ ಆಗಾಕಿಲ್ವಲ್ಲ" ಅಂದಿದ್ದರು. ಬಾಯಲ್ಲಿ ಹಲ್ಲಿರಲಿಲ್ಲ, ಮಾತಿಗೆ ಮಾತ್ರ ಸಾಲು ಸಾಲು ಹಲ್ಲು. ಎಲೆಅಡಿಕೆಯನ್ನು ಕಬ್ಬಿಣದ ಪುಟ್ಟ ಕುಟ್ಟಾಣಿಯಲ್ಲಿ ಹಾಕಿ ಟಕ್ ಟಕ್ ಅಂತ ಕುಟ್ಟಿ ಬಾಯಿಗೆ ಹಾಕಿಕೊಳ್ಳೋರು. ಆ ಸದ್ದು ನಿಂತರೆ ಅತ್ತೆ ಮಲಗಿದರು, ಶುರುವಾದರೆ ಎದ್ದರು ಅಂತ ನಮಗೆಲ್ಲ ಲೆಕ್ಕ.

ನಮ್ಮ ಮನೆಯಲ್ಲಿ ಒಂದು ವಾಡಿಕೆಯಿತ್ತು. ಮಗು ಹುಟ್ಟಿ ಮೂರು ತಿಂಗಳಾದ ಮೇಲೆ ಅದನ್ನು ಹೊಲಕ್ಕೆ ಎತ್ತಿಕೊಂಡು ಹೋಗಿ, ಹಿರಿಯರ ಗುಂಡಿಯ ಮೇಲೆ ಬರೀ ಮಣ್ಣಿನಲ್ಲಿ ಒಂದು ಗಳಿಗೆ ಮಲಗಿಸಿ, "ನೋಡ್ಕಳಿ, ನಿಮ್ಮ ಮನೇದು" ಅಂತ ಹೇಳಿ ಎತ್ತಿಕೊಂಡು ಬರಬೇಕು. ರವಿ ಹುಟ್ಟಿದಾಗ ಅತ್ತೆಯೇ ಅವನನ್ನು ತಮ್ಮ ಅತ್ತೆಯ ಮಣ್ಣಿನ ಮೇಲೆ ಮಲಗಿಸಿದ್ದರು. ನಾನು ಇರುವೆ ಕಚ್ಚುತ್ತೆ ಅಂತ ಬಾಯಿ ಬಡಿದುಕೊಂಡರೆ, "ಬಾಯ್ಮುಚ್ಚೇ. ಆಸ್ಪತ್ರೆಯಿಂದ ತಂದ ಮಗ ಇನ್ನೂ ಆಸ್ಪತ್ರೇದೇಯ. ಮಣ್ಣಿಗೆ ತೋರ್ಸಿದ್ ಮ್ಯಾಲೇ ಮನೇದಾಗೋದು" ಅಂದರು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡರು. ಆ ಹಿಡಿತ ಅಂದರೆ ಇಕ್ಕಳ. "ನಿನ್ ಮೊಮ್ಮಗನೋ ಮೊಮ್ಮಗಳೋ, ನನ್ ಮ್ಯಾಲೆ ಮನಗ್ಸಬೇಕು ಕಣೇ ಕಡ್ಡಿ. ಮರ್ತೀಯ ಮತ್ತೆ." ಮರೆಯಲ್ಲ ಅತ್ತೆ ಅಂದೆ. ಆ ಮನೆಗೆ ಬಂದ ಮೇಲೆ ಅವರು ನನ್ನಿಂದ ಕೇಳಿಕೊಂಡದ್ದು ಅದೊಂದೇ. ಮಿಕ್ಕದ್ದೆಲ್ಲ ಅಪ್ಪಣೆ.

ಹೊಲದ ಮೂಲೆಯ ಹೊಂಗೆ ಮರದ ಕೆಳಗೆ ಅವರನ್ನು ಮಣ್ಣು ಮಾಡಿದೆವು. ಕುಟ್ಟಾಣಿ ಇಲ್ಲದೆ ಅವರು ಅಲ್ಲೂ ಸುಮ್ಮನಿರೋಲ್ಲ ಅಂತ ನಮ್ಮ ಯಜಮಾನರು ಅದನ್ನು ತಲೆದೆಸೆಯಲ್ಲಿಟ್ಟರು. ಮಣ್ಣು ಮುಚ್ಚಿದ ಮೇಲೆ ನಾನು ಹೂವಿನ ಗಿಡ ತಂದು ನೆಟ್ಟೆ. ಅಲ್ಲಿ ನಿಂತು ನೋಡಿದರೆ ರಸ್ತೆಯಾಚೆಯ ಹುಣಸೆ ಮರದ ಕವಲು, ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡ ಹೆಂಗಸಿನ ಹಾಗೇ ಕಾಣುತ್ತಿತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬರೀ ಮರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು ನೋಡಿ, ನಮ್ಮ ಕಡೆಯ ಮಣ್ಣಿಗೆಲ್ಲ ರೆಕ್ಕೆ ಬಂತು. ಅಣ್ಣತಮ್ಮಂದಿರೆಲ್ಲ ಸೇರಿ ಹೊಲವನ್ನು ಲೇಔಟ್ ಮಾಡುವವನಿಗೆ ಕೊಟ್ಟರು. ನಮ್ಮ ಯಜಮಾನರು ಅವನಿಗೆ ಹೊಂಗೆ ಮರ ತೋರಿಸಿ, "ಇದೊಂದು ಮೂಲೆ ಮುಟ್ಟಬೇಡಪ್ಪ, ನಮ್ಮವ್ವ ಅವ್ಳೆ" ಅಂದಿದ್ದರು. ಅವನು ಕೈಮುಗಿದು, "ಅಲ್ಲಿ ಪಾರ್ಕ್ ಬಿಡ್ತೀವಿ ಯಜಮಾನ್ರೆ, ನಿಮ್ಮವ್ವ ಬೇರೆ ಅಲ್ಲ ನಮ್ಮವ್ವ ಬೇರೆ ಅಲ್ಲ" ಅಂದಿದ್ದ.

ಒಂದು ಸೋಮವಾರ ನಾನು ಹುಲ್ಲಿಗೆ ಅಂತ ಆ ಕಡೆ ಹೋದೆ. ನಿಂತಲ್ಲೇ ನಿಂತುಬಿಟ್ಟೆ. ಹೊಂಗೆ ಮರ ಇಲ್ಲ. ಬದು ಇಲ್ಲ. ಗುಂಡಿಯಿಲ್ಲ, ಹೂವಿಲ್ಲ. ಕಣ್ಣು ಹೋದಷ್ಟು ದೂರ ಕೆಂಪು ಮಣ್ಣು ರೊಟ್ಟಿ ತಟ್ಟಿದ ಹಾಗೆ ಸಪಾಟು, ಅದರ ಮೇಲೆ ಸುಣ್ಣದ ಗೆರೆಗಳು. ಜೆಸಿಬಿ ಒಂದು ಕಡೆ ನಿಂತು ತಣ್ಣಗಾಗುತ್ತಿತ್ತು. ನನಗೆ ಅಳುವೂ ಬರಲಿಲ್ಲ. "ಅತ್ತೇ" ಅಂತ ಕೂಗಿದೆ. ನೋಡಿ, ಸತ್ತವರನ್ನು ಯಾರಾದರೂ ಹಾಗೆ ಕೂಗ್ತಾರಾ? ಆದರೆ ಸಂತೆಯಲ್ಲಿ ಕೈ ಬಿಟ್ಟುಹೋದವರನ್ನು ಕೂಗುತ್ತೀವಲ್ಲ, ಹಾಗೆ ಕೂಗಿಬಿಟ್ಟೆ.

ಆಮೇಲಿಂದ ಹಿರಿಯರ ಹಬ್ಬಕ್ಕೆ ಎಡೆ ಇಡುವುದು ಮನೆಯ ತಾರಸಿ ಮೇಲಾಯಿತು. ಪ್ರತಿ ಸಲವೂ ನನಗೂ ಯಜಮಾನರಿಗೂ ಅದೇ ಜಗಳ. "ಆ ಹಳದಿ ಮನೆ ಐತಲ್ಲ, ಅಲ್ಲೇ ಇದ್ದದ್ದು" ಅಂತ ಅವರು. "ಅಲ್ಲ ಕಣ್ರೀ, ಅದಕ್ಕಿಂತ ಮೇಲಕ್ಕೆ" ಅಂತ ನಾನು. "ನಮ್ಮವ್ವ ಎಲ್ಲವ್ಳೆ ಅಂತ ನಂಗೊತ್ತಿಲ್ವಾ?" "ಗೊತ್ತಿದ್ರೆ ಹೇಳಿ ಮತ್ತೆ!" ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಗೊತ್ತಿರಲಿಲ್ಲ. ಸೈಟಿನ ಮೇಲೆ ಸೈಟು, ಮನೆಯ ಪಕ್ಕ ಮನೆ, ಕಾಂಪೌಂಡಿಗೆ ಅಂಟಿ ಕಾಂಪೌಂಡು. ನಮ್ಮ ಹೊಲದಲ್ಲೇ ನಮಗೆ ದಾರಿ ತಪ್ಪುತ್ತಿತ್ತು.

ಒಂದು ಮಳೆಗಾಲ ಮುಗಿದ ಬೆಳಗ್ಗೆ ಹಾಲು ತರಲು ಹೊರಟವಳು ಹೊಸ ದಾರಿಯಲ್ಲಿ ತಿರುಗಿದೆ. ಒಂದು ಹೊಸ ಮನೆ. ಗೇಟಿನ ಒಳಗೆ, ಎಲ್ಲರೂ ಟೈಲ್ಸ್ ಹಾಸುವ ಜಾಗದಲ್ಲಿ, ನೆಲವೇ ಕಾಣದ ಹಾಗೆ ಸುಡುಗಾಡು ಹೂವು! ಒಂದಲ್ಲ ಎರಡಲ್ಲ, ಗುಲಾಬಿ ಬಣ್ಣದ ಕಂಬಳಿ ಹಾಸಿದ ಹಾಗೆ. ನನಗೆ ಮೊದಲು ನಗು ಬಂತು. ಪಾಪ, ಯಾರೋ ತಿಳಿಯದವರು ಮನೆ ಮುಂದೆ ಸುಡುಗಾಡು ಮಾಡ್ಕೊಂಡವ್ರೆ ಅಂದುಕೊಂಡೆ. ಆಮೇಲೆ ಯಾಕೋ ಹಿಂದಕ್ಕೆ ತಿರುಗಿ ನೋಡಿದೆ. ರಸ್ತೆಯಾಚೆ ಹುಣಸೆ ಮರ. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡ ಹೆಂಗಸು.

ಹಾಲಿನ ಕ್ಯಾನು ಕೈಯಿಂದ ಬಿದ್ದುಹೋಯಿತು.

ಆ ಸದ್ದಿಗೆ ಒಳಗಿಂದ ಒಬ್ಬ ಹೆಂಗಸು ಬಂದರು. ನಡುವಯಸ್ಸು, ಹಣೆ ತುಂಬ ಕುಂಕುಮ. "ಏನಾತ್ರಿ ಅಮ್ಮಾರ? ತಲಿ ತಿರುಗ್ತೇನು? ಬರ್ರಿ, ಒಳಗ ಕುಂದರ್ರಿ." ಗದಗದ ಕಡೆಯವರು. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ದಿನಾ ಯಲಹಂಕಕ್ಕೆ ಹೋಗಿಬರುತ್ತಾರೆ. ಹೆಸರು ನೀಲವ್ವ. ನನಗೆ ಅವತ್ತೇ ನೀಲಕ್ಕ ಆದರು. ಅವರು ಕೊಟ್ಟ ನೀರು ಕುಡಿದೆ. ಕಣ್ಣು ಮಾತ್ರ ಹೂವಿನ ಮೇಲೇ.

ಮನೆಗೆ ಓಡಿಬಂದು ಯಜಮಾನರಿಗೆ ಹೇಳಿದೆ. ಅವರು ಕೂತಲ್ಲಿಂದ ಎದ್ದು ಮತ್ತೆ ಕೂತರು. ನನ್ನ ಜೊತೆ ಬಂದು ದೂರದಿಂದಲೇ ಮರ ನೋಡಿದರು, ಹೂವು ನೋಡಿದರು, ಟವೆಲಿನಿಂದ ಮುಖ ಒರೆಸಿಕೊಂಡರು. "ಅವ್ವ ಇಲ್ಲೇ ಅವ್ಳೆ" ಅಂದರು. ಆಮೇಲೆ ಮೆತ್ತಗೆ, "ಯಾರ್ಗೂ ಏಳ್ಬ್ಯಾಡ ಕಣೇ."

"ಯಾಕ್ರೀ?"

"ಯಾಕ್ ಅಂತ ಕೇಳ್ತೀಯಲ್ಲ! ನಿಮ್ಮನೆ ಮುಂದ್ಗಡೆ ಎಣ ಐತೆ ಅಂದ್ರೆ ಸುಮ್ಕಿರ್ತಾರಾ? ಅಗೆಸಿ ತೆಗೆಸಿ ಎಲ್ಲಾದ್ರೂ ಎಸೀತಾರೆ. ಇಲ್ಲಾ ಮನೆ ಮಾರ್ಕಂಡು ಓಗ್ತಾರೆ. ಆಮೇಲ್ ಬರೋನು ಅದ್ರ ಮ್ಯಾಲೆ ಕಾರ್ ನಿಲ್ಲಿಸ್ತಾನೆ."

ಅದು ನಿಜ. ಹೇಳಿದರೆ ಅತ್ತೆ ಹೋಗ್ತಾರೆ. ಹೇಳದಿದ್ದರೆ, ಮುಂದೆ ಮೊಮ್ಮಗು ಬಂದಾಗ ಬೇರೆಯವರ ಗೇಟಿನೊಳಗೆ ಏನಂತ ಹೇಳಿ ಮಲಗಿಸಲಿ? ಇಂಥ ಸಂಕಟ ನನ್ನ ಶತ್ರುವಿಗೂ ಬೇಡ.

ನನಗೆ ತೋಚಿದ್ದು ಒಂದೇ, ಗೆಳೆತನ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿ ಡಬ್ಬಿಯಲ್ಲಿ ತಗೊಂಡು ಹೋದೆ. ನೀಲಕ್ಕ ಡಬ್ಬಿ ತುಂಬ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟರು. ರೊಟ್ಟಿ ನೋಡಿ ಯಜಮಾನರು ಹೌಹಾರಿದರು. ಹಪ್ಪಳದ ಹಾಗೆ ಗರಿಗರಿ! "ಇದನ್ನ ತಿನ್ನೋದಾ, ಮನೆಗೆ ಹೊದಿಸೋದಾ?" ಅಂದರು. ಆಮೇಲೆ ಅವರೇ, "ನೀಲಕ್ಕನ ಮನೇಗ್ ಓಗಿರ್ಲಿಲ್ವಾ ಈ ವಾರ?" ಅಂತ ಕೇಳುವಷ್ಟು ರುಚಿ ಹತ್ತಿತು.

ಹೋದಾಗೆಲ್ಲ ನನ್ನ ಮಾತು ಹೂವಿಗೇ ತಿರುಗುತ್ತಿತ್ತು. ಕಳ್ಳಿಯ ಹಾಗೆ ಕೇಳುತ್ತಿದ್ದೆ. "ಇಷ್ಟು ಒತ್ತಾಗಿ ಹೆಂಗೆ ಬೆಳೆಸಿದ್ರಿ ನೀಲಕ್ಕ?" ಅವರೂ ಖುಷಿಯಾಗಿ ಹೇಳೋರು. ಗಿಡದಿಂದ ಗಿಡಕ್ಕೆ ಗೇಣು ಬಿಡಬೇಕಂತೆ. ಕುಡಿ ಚಿವುಟುತ್ತಾ ಇದ್ದರೆ ಮೇಲಕ್ಕೆ ಹೋಗದೆ ಪಕ್ಕಕ್ಕೆ ಕವಲೊಡೆದು ನೆಲ ಮುಚ್ಚುತ್ತದಂತೆ. ನೀರು ನಿಂತರೆ ಬೇರು ಕೊಳೆಯುತ್ತದೆ, ಒಣಗಿಸಿದರೆ ಒಂದಿಷ್ಟೂ ಬೇಜಾರಿಲ್ಲ. ಸಣ್ಣ ಕಾಯಿ ಹಳದಿಗೆ ತಿರುಗಿದಾಗ ಕಿತ್ತು ಇಟ್ಟರೆ ಕರಿ ಬೀಜ ಸಿಗುತ್ತದೆ, ಖಾಲಿ ಬಿದ್ದ ಕಡೆ ಉದುರಿಸಿದರೆ ಆಯಿತು. ನನಗೆ ನೆಟ್ಟು ಬಂದು ಮರೆಯುವುದಷ್ಟೇ ಗೊತ್ತಿದ್ದದ್ದು. ಇದಕ್ಕೆ ಇಷ್ಟೆಲ್ಲ ಆರೈಕೆ ಮಾಡುವವರನ್ನು ನೋಡಿ ದಂಗಾಗಿದ್ದೆ. ಅತ್ತೆಯ ಅದೃಷ್ಟವೇ ಅನ್ನಿಸುತ್ತಿತ್ತು. ಬದುಕಿದ್ದಾಗ ನಾನು ಅವರ ತಲೆಗೆ ಎಣ್ಣೆ ಹಚ್ಚಿದ್ದಕ್ಕಿಂತ ಹೆಚ್ಚಾಗಿ ಈ ಗದಗದ ಹೆಂಗಸು ಅವರ ಮೇಲೆ ಕೈಯಾಡಿಸುತ್ತಿದ್ದರು, ಯಾರು ಎತ್ತ ಅಂತ ತಿಳಿಯದೆ!

ಹಿರಿಯರ ಹಬ್ಬದ ದಿನ ಮಾತ್ರ ನಾನು ಸೆರಗಿನಲ್ಲಿ ಒಂದು ವಡೆ ಬಚ್ಚಿಟ್ಟುಕೊಂಡು ಹೋಗುತ್ತಿದ್ದೆ. ನೀಲಕ್ಕ ಕಾಫಿಗೆ ಒಳಗೆ ಹೋದ ಕೂಡಲೇ ಹೂವಿನ ಮಧ್ಯೆ ವಡೆ ಇಟ್ಟು, "ತಿನ್ನಿ ಅತ್ತೆ, ಹಲ್ಲಿಲ್ದಿದ್ರೂ ಮೆತ್ತಗೈತೆ" ಅಂತ ಪಿಸುಗುಟ್ಟಿ, ಏನೂ ಅರಿಯದವಳ ಹಾಗೆ ಕೂತುಬಿಡುತ್ತಿದ್ದೆ. ಒಂದು ಸಲ ತಿರುಗಿ ನೋಡಿದರೆ ಬೆಕ್ಕು ಬಂದಿತ್ತು. ಹುಶ್ ಅಂದೆ. "ಯಾರನ್ನ ಬೈತೀರಿ?" ಅಂತ ಒಳಗಿಂದ ನೀಲಕ್ಕ. "ನೊಣ ಕಣಕ್ಕ, ನೊಣ."

ಹೀಗಿರುವಾಗ ನನ್ನ ಹಂಸ ಹುಟ್ಟಿದಳು. ಅಯ್ಯೋ, ಆ ದಿನ! ಆಸ್ಪತ್ರೆಯ ನರ್ಸಮ್ಮ ಬಿಳಿ ಬಟ್ಟೆ ಸುತ್ತಿ ತಂದು ನನ್ನ ಕೈಯಲ್ಲಿಟ್ಟಾಗ ನಾನು ಅಲ್ಲಿದ್ದವರಿಗೆಲ್ಲ, ಗುರುತಿಲ್ಲದವರಿಗೂ, "ನೋಡ್ರೀ ನನ್ನ ಮೊಮ್ಮಗಳು, ನೋಡ್ರೀ" ಅಂತ ತೋರಿಸಿಕೊಂಡು ಓಡಾಡಿದೆ. ಲಿಫ್ಟಿನವನಿಗೂ ತೋರಿಸಿದೆ. ಮೂಗು ಅತ್ತೆಯದೇ, ಮೊಂಡು. ಬಾಯಲ್ಲೂ ಅವರ ಹಾಗೇ ಹಲ್ಲಿಲ್ಲ ಅಂತ ಯಜಮಾನರು ನಗಾಡಿದರು. ನಕ್ಕು ನಕ್ಕು ಸಾಕಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು. ಇಬ್ಬರಿಗೂ ಒಂದೇ ಯೋಚನೆ.

ಮೂರು ತಿಂಗಳಾಯಿತು. "ನೀಲಕ್ಕನಿಗೆ ಮಗು ತೋರಿಸ್ಕೊಂಡು ಬರ್ತೀನಿ" ಅಂತ ಸವಿತಾಗೆ ಹೇಳಿ ಹೊರಟೆ. ಯಜಮಾನರು ಗೇಟಿನ ತನಕ ಬಂದು ನಿಂತರು. "ಸಿಕ್ಕಾಕ್ಕಂಡ್ರೆ?" ಅಂದರು. "ಸಿಕ್ಕಾಕ್ಕಂಡ್ರೆ ನಿಮ್ಮವ್ವನ್ನೇ ಕರೀತೀನಿ" ಅಂದೆ. ಧೈರ್ಯ ಬಾಯಲ್ಲಷ್ಟೇ ಇತ್ತು.

ನೀಲಕ್ಕ ಮಗುವನ್ನು ಎತ್ತಿ, ದೃಷ್ಟಿ ತೆಗೆದು, ಮುದ್ದಾಡಿ, "ತಡೀರಿ, ಸಕ್ಕರಿ ತರ್ತೀನಿ" ಅಂತ ಒಳಗೆ ಹೋದರು. ಇದೇ ಗಳಿಗೆ! ನಾನು ಹೂವಿನ ಹತ್ತಿರ ಕೂತು, ಗಿಡಗಳನ್ನು ಒಂದು ಕೈಯಲ್ಲಿ ಸರಿಸಿ, ಬಟ್ಟೆ ಬಿಚ್ಚಿ, ಮಗುವನ್ನು ಮಣ್ಣಿಗೆ ಇಳಿಸುತ್ತಿದ್ದೆ. ತಲೆಯ ಮೇಲೆ ಯಲಹಂಕದ ವಾಯುಪಡೆಯ ವಿಮಾನವೊಂದು ಗುಡುಗಿಕೊಂಡು ಹೋಯಿತು. ಆ ಸದ್ದಿನಲ್ಲಿ ನೀಲಕ್ಕ ಬಂದದ್ದು ಕೇಳಲಿಲ್ಲ. ಕತ್ತೆತ್ತಿದರೆ ಹಿಂದೆಯೇ ನಿಂತಿದ್ದಾರೆ, ಕೈಯಲ್ಲಿ ಸಕ್ಕರೆ ಬಟ್ಟಲು.

ನೀಲಕ್ಕ ಮೆತ್ತಗೆ ಹೇಳಿದರು. "ಅಮ್ಮಾರ, ಅದು ಕಾಲಿನ ಕಡೆ. ತಲಿ ಈ ಕಡೆ ಐತಿ. ಇಲ್ಲಿ ಮಲಗಸ್ರಿ."

ಇವತ್ತು ಹೇಳುವಾಗಲೂ ನೋಡಿ, ರೋಮ ನಿಲ್ಲುತ್ತೆ.

ನೀಲಕ್ಕ ನನ್ನ ಪಕ್ಕದಲ್ಲಿ ಕೂತರು. ಮನೆ ಕಟ್ಟುವಾಗ ಅಲ್ಲಿ ನೀರಿನ ಸಂಪಿಗೆ ಅಂತ ಅಗೆಸಿದ್ದರಂತೆ. ಒಂದಾಳುದ್ದ ಅಗೆದ ಮೇಲೆ ಹಾರೆಗೆ ಠಣ್ ಅಂತ ಕಬ್ಬಿಣ ಸಿಕ್ಕಿತಂತೆ. ನೋಡಿದರೆ ಪುಟ್ಟ ಕುಟ್ಟಾಣಿ. "ನಮ್ಮ ಕಡೀನೂ ಮಣ್ಣ ಮಾಡೋದ್ರಿ. ನಮ್ಮ ಆಯಿಗೂ ತಲಿ ಕಡೆ ಇಂಥಾದ್ದೇ ಇಟ್ಟಿದ್ವಿ. ಕುಟ್ಟಾಣಿ ನೋಡಿದ ಕೂಡ್ಲೆ ಗೊತ್ತಾತು, ಯಾರೋ ಹಿರ್ಯಾಕಿ ಮಲಗ್ಯಾಳ ಅಂತ. ಮುಚ್ಚರಿ ಮುಚ್ಚರಿ ಅಂದೆ. ನಾನ ಇಳಿದು ಎಲ್ಲಿ ಸಿಕ್ಕಿತ್ತೋ ಅಲ್ಲೇ ಇಟ್ಟೆ. ಸಂಪು ಹಿತ್ತಲಕ್ಕ ಹಾಕಿಸಿದ್ವಿ."

"ನಿಮ್ಮೆಜಮಾನ್ರು ಏನೂ ಅನ್ನಲಿಲ್ವಾ?"

"ಅವರಿಗೆಲ್ಲಿ ಗೊತ್ತೈತ್ರಿ! ವಾಸ್ತು ಸರಿ ಇಲ್ಲಂತ ಅಂತ ಹೇಳಿದೆ. ಈಗೂ ಮಂದಿಗೆಲ್ಲ ಹೇಳ್ಕೋತ ಅಡ್ಡಾಡ್ತಾರ, ಮುಂದ ನೀರು ಇರಬಾರದು ಅಂತ."

ಮಣ್ಣಲ್ಲಿ ಉಳಿದ ಬೀಜ ಮಳೆಗೆ ಹುಟ್ಟಿ ಅಲ್ಲೊಂದು ಇಲ್ಲೊಂದು ಹೂವು ಬಂದಿತ್ತಂತೆ. ಅದನ್ನೇ ಬೆಳೆಸಿ ನೆಲ ಮುಚ್ಚಿಸಿದರಂತೆ. "ಪರಸಿ ಕಲ್ಲು ಹಾಸಿದ್ರ ಗಾಡಿ ನಿಲ್ಲಸ್ತಾರ, ಚಪ್ಪಲಿ ಬಿಡ್ತಾರ. ಹೂ ಇದ್ರ ಯಾರೂ ಕಾಲಿಡಂಗಿಲ್ಲ. ಅದಕ್ಕ."

ಅದಕ್ಕೆ! ಚೆಂದಕ್ಕಲ್ಲ, ತಿಳಿಯದೆಯೂ ಅಲ್ಲ. ಅತ್ತೆಯನ್ನು ಯಾರೂ ತುಳಿಯಬಾರದು ಅಂತ.

"ಯಾರ ಪೈಕಿ ಅಂತ ಗೊತ್ತಿರಲಿಲ್ಲ. ನೀವು ಸೆರಗಿನ್ಯಾಗ ವಡಿ ತಂದು ಇಡಾಕ ಶುರು ಮಾಡಿದ ಮ್ಯಾಲ ಗೊತ್ತಾತು. ನಾ ಬಾಯಿ ಬಿಟ್ರ ನೀವು ಅಂಜಿ ಬರೋದ ಬಿಟ್ಟೀರಿ ಅಂತೇಳಿ ಸುಮ್ಮನಿದ್ದೆ. ಒಂದ ಬೇಜಾರು ನೋಡ್ರಿ ಅಮ್ಮಾರ. ನೀವು ಹೋದ ಮ್ಯಾಲ ಆ ವಡಿಗೆ ಕಾಗಿ ಕರದು ಕರದು ನನ್ನ ಗಂಟಲ ಬಿದ್ದು ಹೋಗ್ತಿತ್ತು!"

ನಗಬೇಕೋ ಅಳಬೇಕೋ? ಎರಡೂ ಮಾಡಿದೆ. ನೀಲಕ್ಕ ತಲೆದೆಸೆಯ ಗಿಡಗಳನ್ನು ಎರಡು ಕೈಯಲ್ಲೂ ಬಿಡಿಸಿ ಹಿಡಿದರು. ನಾನು ಹಂಸಳನ್ನು ಬರೀ ಮಣ್ಣಿನ ಮೇಲೆ ಮಲಗಿಸಿದೆ. "ಅತ್ತೆ, ಕಡ್ಡಿ ಬಂದಿದ್ದೀನಿ. ನೋಡ್ಕಳಿ, ನಿಮ್ಮ ಮನೇದು" ಅಂದೆ. ಮಗು ಅಳಲಿಲ್ಲ. ಕೈ ಚಾಚಿ ಒಂದು ಹೂವಿನ ಕಡ್ಡಿ ಹಿಡಿದುಕೊಂಡಿತು. ಬಿಡಿಸಲು ಹೋದರೆ, ಆ ಹಿಡಿತ! ಇಕ್ಕಳ! ಕಡೆಗೆ ಹೂವಿನ ಸಮೇತವೇ ಎತ್ತಿಕೊಂಡೆ. ನೀಲಕ್ಕ ಅದರ ನಾಲಗೆಗೆ ಸಕ್ಕರೆ ಇಟ್ಟರು.

ಮನೆಯಲ್ಲಿ ಸವಿತ ಮಗುವಿನ ಬೆನ್ನಿನ ಮಣ್ಣು ನೋಡಿ, "ಇದೇನತ್ತೆ?" ಅಂದಿದ್ದಳು. ಬಾಣಂತಿ ಹೆದರಿಯಾಳು ಅಂತ ಆಗ ಏನೋ ಹೇಳಿ ಸಾಗಹಾಕಿದ್ದೆ. ಯಜಮಾನರು ಮಾತ್ರ ಮಗುವಿನ ಬೆನ್ನಿನ ಆ ಮಣ್ಣನ್ನು ಬೆರಳಲ್ಲಿ ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡಿದ್ದರು.

ಈವತ್ತು ಬೆಳಗ್ಗೆ ಒಲೆ ಆರಿಸಿ ಬಾ ಅಂತ ಸವಿತಾಳನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಅವಳ ಮುಖ ಬಿಳುಚಿತು. ಬಾಯಿಗೆ ಸೆರಗು ಹೋಯಿತು. ಕಿರುಚಾಡ್ತಾಳೆ ಅಂತ ನಾನು ಕಾದೆ. ಅವಳು ಕಡೆಗೆ ಕೇಳಿದ್ದು ಒಂದೇ ಮಾತು.

"ಅತ್ತೆ, ಹೊಲ ಹೋಯ್ತಲ್ಲ. ಈಗೆಲ್ಲಾ ಹೆಬ್ಬಾಳದ ಕಡೆ ಕರೆಂಟಲ್ಲಿ ಸುಟ್ಟು ಕೈತೊಳ್ಕೋತಾರೆ. ನನ್ನ ಮೊಮ್ಮಕ್ಕಳನ್ನ ನಿಮ್ಮ ಮೇಲೆ ಮಲಗಿಸ್ಬೇಕು ಅಂದ್ರೆ ಎಲ್ಲಿ ಮಲಗಿಸ್ಲಿ?"

ನಾನು ಆ ಯೋಚನೆ ಮಾಡಿಯೇ ಇರಲಿಲ್ಲ ನೋಡಿ. ಹೂಳಲು ಮಣ್ಣು ಸಿಗದಿದ್ದರೆ ಬೇಡ, ಸುಟ್ಟ ಮೇಲೆ ಒಂದು ಹಿಡಿ ಬೂದಿಯಾದರೂ ಕೊಡ್ತಾರಲ್ಲ ಅನ್ನಿಸಿತು. ಗೇಟಿನ ಕಡೆ ಕೈ ತೋರಿಸಿದೆ. ಅಲ್ಲಿ, ನಾಳೆ ಟೈಲ್ಸ್ ಬೀಳಬೇಕಾದ ಜಾಗದಲ್ಲಿ, ಹಂಸ ಯಾರ ಅಪ್ಪಣೆಗೂ ಕಾಯದೆ ಅಡುಗೆಮನೆಯ ಸೌಟಿನಲ್ಲಿ ಗುಂಡಿ ತೋಡಿ ಗಿಡ ನೆಟ್ಟಾಗಿತ್ತು. ಸವಿತ ಎದ್ದುಹೋಗಿ ಟೈಲ್ಸಿನವನಿಗೆ ಫೋನ್ ಮಾಡಿ ಬರಬೇಡ ಅಂದಳು. ಯಾಕೆ ಅಂತ ಅವನು ಕೇಳಿರಬೇಕು. "ವಾಸ್ತು ಸರಿ ಇಲ್ವಂತೆ" ಅಂದಳು ನನ್ನ ಸೊಸೆ!

ನಾನು ಹೋಗಿ ಗಿಡದ ಹತ್ತಿರ ನಿಂತೆ. ಹಂಸ ಮಣ್ಣು ಮೆತ್ತಿದ ಕೈಯಲ್ಲಿ ನನ್ನ ಪಾದವನ್ನು ಹಿಡಿದು ತಳ್ಳಿದಳು.

"ಅಜ್ಜಿ, ಕಾಲು ತೆಗಿ! ಇಲ್ಲಿ ಯಾರೂ ತುಳಿಯಂಗಿಲ್ಲ."

ತೆಗೆದೆ.